ಉಪ್ಪು ಹೆಚ್ಚಿದೆ

ನಮ್ಮ ಮನೆಯಲ್ಲಿ ಯಾವತ್ತೂ ಏನೂ ಮುಗಿದದ್ದಿಲ್ಲ. ಅಕ್ಕಿ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಎಣ್ಣೆ ಹೆಚ್ಚುತ್ತಿತ್ತು, ಬೆಲ್ಲ ಹೆಚ್ಚುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಅದೂ ಹೆಚ್ಚುತ್ತಿತ್ತು. ದೀಪ ಆರಿಸು ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ದೀಪ ದೊಡ್ಡದು ಮಾಡು ಅನ್ನಬೇಕು, ಆರಿಸು ಅನ್ನಬಾರದು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಡಬ್ಬಿಯ ತಳ ಕಂಡಾಗ ನಮ್ಮ ಹೆಂಗಸರು 'ಇಲ್ಲ' ಅನ್ನುವುದಿಲ್ಲ. ಇಲ್ಲ ಅಂದರೆ ಮನೆಯ ಲಕ್ಷ್ಮಿ ಅದನ್ನು ಕೇಳಿಸಿಕೊಂಡು ಎದ್ದು ಹೋಗುತ್ತಾಳಂತೆ. ಅದಕ್ಕೇ 'ಉಪ್ಪು ಹೆಚ್ಚೈತಿ' ಅನ್ನುತ್ತಾರೆ. ಕೇಳಿದವರು ಮರುಮಾತಾಡದೆ ಚೀಲ ತಗೊಂಡು ಅಂಗಡಿಗೆ ಹೋಗುತ್ತಾರೆ.

ನಾನು ಓದಲೆಂದು ಮೈಸೂರಿನ ಹಾಸ್ಟೆಲ್ಲಿಗೆ ಹೋದ ಮೊದಲ ವಾರವೇ ಚಹಾ ಮಾಡುವ ಸರದಿ ನನ್ನದಾಯಿತು. "ಸಕ್ಕರಿ ಹೆಚ್ಚೈತಿ" ಅಂದೆ. "ಹಾಗಾದ್ರೆ ಇನ್ನೆರಡು ಚಮಚ ಹಾಕು" ಅಂದರು. ಸಪ್ಪೆ ಚಹಾ ಕುಡಿದ ಮೇಲೆ ಅವರಿಗೆ ವಿಷಯ ತಿಳಿಯಿತು. ನಕ್ಕರು ಅಂದರೆ ಅಷ್ಟಿಷ್ಟಲ್ಲ, ಒಂದು ವರ್ಷ ನಕ್ಕರು. ತುಳಸಾ ಎಂಬ ನನ್ನ ಹೆಸರು ಹೋಗಿ 'ಹೆಚ್ಚಮ್ಮ' ಆಯಿತು. ನಾನೂ ನಗುನಗುತ್ತಲೇ ಆ ಮಾತನ್ನು ಬಾಯಿಂದ ತೆಗೆದುಹಾಕಿದೆ. ಹದಿನೆಂಟರ ವಯಸ್ಸಿನಲ್ಲಿ ಅವಮಾನ ತಿಂದವರು ಅದನ್ನು ಎಂದೂ ಮರೆಯುವುದಿಲ್ಲ. ನಾನಂತೂ ಮರೆಯಲಿಲ್ಲ. ಮುಂದೆ ಆದದ್ದೆಲ್ಲ ಅಲ್ಲಿಂದಲೇ ಶುರು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಎಲ್ಲರಿಗೂ ಒಂದೇ ಉಪ್ಪು ಎಂಬ ಪದ್ಧತಿ ಬಿದ್ದುಹೋಗಿತ್ತು. ಹಿಂದೆ ಎಲ್ಲ ಪೊಟ್ಟಣಗಳಲ್ಲೂ ಒಂದೇ ಅಳತೆಯ ಅಯೋಡಿನ್ ಇರುತ್ತಿತ್ತು. ಗಂಟಲಲ್ಲಿರುವ ಥೈರಾಯ್ಡ್ ಗ್ರಂಥಿ ಆ ಅಯೋಡಿನ್ ಹೀರಿಕೊಂಡು ಮೈಯನ್ನು ಬೆಚ್ಚಗೆ, ತಲೆಯನ್ನು ಚುರುಕಾಗಿ ಇಡುವ ರಸ ತಯಾರಿಸುತ್ತಿತ್ತು. ಆಮೇಲೆ ಜನರ ತಟ್ಟೆಗಳು ಬೇರೆಬೇರೆಯಾದವು. ರಕ್ತದೊತ್ತಡಕ್ಕೆ ಹೆದರಿ ಕೆಲವರು ಉಪ್ಪನ್ನು ಅರ್ಧಕ್ಕೆ ಇಳಿಸಿದರು. ಕೆಲವರು ಅಯೋಡಿನ್ ಇಲ್ಲದ ಗುಲಾಬಿ ಬಣ್ಣದ ಕಲ್ಲುಪ್ಪಿಗೆ ಮರುಳಾದರು. ದೊಡ್ಡ ಊರುಗಳಲ್ಲಿ ಚಿಪ್ಸಿನಿಂದ ಹಿಡಿದು ಉಪ್ಪಿಟ್ಟಿನವರೆಗೆ ಕಡಲಪಾಚಿಯ ಪುಡಿ ಉದುರಿಸುವ ಹುಚ್ಚು ಹಿಡಿಯಿತು. ಅದರಲ್ಲಿ ಅಯೋಡಿನ್ ವಿಪರೀತ. ಒಂದೇ ಬೀದಿಯಲ್ಲಿ ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ಮಿತಿಮೀರಿದೆ ಎಂಬಂತಾಯಿತು. ಈ ಗ್ರಂಥಿಯ ಸ್ವಭಾವವೂ ವಿಚಿತ್ರ. ಅಯೋಡಿನ್ ಕಡಿಮೆಯಾದರೂ ಅದು ನಿಧಾನವಾಗುತ್ತದೆ, ತುಂಬಾ ಜಾಸ್ತಿಯಾದರೂ ಕೆಲವರಲ್ಲಿ ನಿಧಾನವಾಗುತ್ತದೆ. ಚಳಿ, ಸುಸ್ತು, ಮರೆವು, ಊದಿದ ಮುಖ, ದಪ್ಪಗಾದ ದನಿ, ಎರಡು ಕಡೆಯೂ ಲಕ್ಷಣ ಅವೇ.

ಆದ್ದರಿಂದ ಮನೆಗೊಂದು ಉಪ್ಪು ಎಂಬ ಕಾನೂನು ಬಂತು. ಪ್ರತಿ ತಿಂಗಳೂ ಪ್ರತಿ ಮನೆಗೆ ಒಂದು ಮುಚ್ಚಿದ ಡಬ್ಬಿ, ಅದರಲ್ಲಿ ಆ ಮನೆಗೇ ಅಳೆದ ಅಯೋಡಿನ್. ಅಳತೆ ಗೊತ್ತಾಗುವುದು ಹೇಗೆ? ಮೊದಮೊದಲು ಮೂತ್ರ ಪರೀಕ್ಷೆ ಮಾಡಿದರು. ನಿಜವಾದ ಅಳತೆ ಸಿಗುವುದೂ ಅದರಲ್ಲೇ. ಆದರೆ ಜನ ಪಕ್ಕದ ಮನೆಯವರದ್ದು ಕಳಿಸಿದರು, ಒಬ್ಬ ಮಹಾಶಯ ಆಡಿನದ್ದೇ ಕಳಿಸಿದ. ಬೇಸತ್ತ ಸರ್ಕಾರ ಅಡುಗೆಮನೆಯಲ್ಲಿ ಅಂಗೈಯಗಲದ ಒಂದು ಯಂತ್ರ ತೂಗುಹಾಕಿತು. ಏನು ಬೇಯುತ್ತಿದೆ, ಉಪ್ಪು ಹಾಕಿದ ಮೇಲೆ ಎಷ್ಟು ಹೊತ್ತು ಕುದಿಯಿತು ಎಂದು ಅದು ಕೇಳಿಸಿಕೊಳ್ಳುತ್ತಿತ್ತು. ಕುದಿದಷ್ಟೂ ಅಯೋಡಿನ್ ಹಾರಿಹೋಗುತ್ತದೆ. ಪ್ರತಿ ಸೋಮವಾರ ಮಧ್ಯಾಹ್ನ ಒಲೆಯ ಮುಂದಿನ ಹೆಂಗಸಿನ ಜೊತೆ ನಾಲ್ಕು ಮಾತಾಡಿ ಅದು ಲೆಕ್ಕ ಹಾಕುತ್ತಿತ್ತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ಜನ 'ಕಿವಿ' ಅಂದರು. ಮನೆಯೊಡತಿಯ ದನಿಯನ್ನು ಕಿವಿ ಮೊದಲೇ ಗುರುತು ಹಿಡಿದಿಟ್ಟುಕೊಂಡಿರುತ್ತಿತ್ತು. ಬೇರೆಯವರ ಮಾತು ಅದರ ಲೆಕ್ಕಕ್ಕಿಲ್ಲ.

ಕಿವಿಗೆ ನಮ್ಮ ಕಡೆಯ ಮಾತು ಕಲಿಸಿದವಳು ನಾನು. ಹುಬ್ಬಳ್ಳಿಯ ನಿಯಂತ್ರಣ ಕೇಂದ್ರದಲ್ಲಿ ಕೂತು ಉತ್ತರ ಕರ್ನಾಟಕದ ಹನ್ನೊಂದು ಸಾವಿರ ಶಬ್ದಗಳಿಗೆ ಒಂದೊಂದಾಗಿ ಅರ್ಥ ಬರೆದೆ. ಬಲು ಹೆಮ್ಮೆಯ ಕೆಲಸ. ಪ್ರತಿ ಶಬ್ದದ ಮುಂದೆ 'ಪ್ರಾದೇಶಿಕ ಅರ್ಥ ಬೇರೆ ಇದ್ದರೆ ಸೂಚಿಸಿ' ಎಂಬ ಕಾಲಂ ಇತ್ತು. 'ಹೆಚ್ಚು' ಬಂದ ದಿನ ನನ್ನ ಅಕ್ಕಪಕ್ಕ ಬೆಂಗಳೂರಿನ ಇಬ್ಬರು ಹುಡುಗಿಯರು ಕೂತಿದ್ದರು. ಬರೆದರೆ ವಿವರಿಸಬೇಕಾಗುತ್ತದೆ, ವಿವರಿಸಿದರೆ ನಗುತ್ತಾರೆ. ಈಗಿನ ಕಾಲದಲ್ಲಿ ಹಾಗೆ ಯಾರು ಅಂತಾರೆ ಎಂದು ನನಗೆ ನಾನೇ ಹೇಳಿಕೊಂಡು ಕಾಲಂ ಖಾಲಿ ಬಿಟ್ಟೆ. ಹೆಚ್ಚು ಅಂದರೆ ಅಧಿಕ ಎಂದು ಬರೆದು ಕೆಳಗೆ ಸಹಿ ಹಾಕಿದೆ.

ಮನೆಯಲ್ಲಿ ಅಕ್ಕ ಹಾಗೇ ಅನ್ನುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಅಕ್ಕ ಅಂದರೆ ಬನವ್ವ, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ನಮ್ಮ ಹಳೆಯ ಮನೆಗೇ ಬಂದು, ಅಲ್ಲಿದ್ದ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯುತ್ತಿದ್ದಳು. ಅವಳ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಓಣಿಯಲ್ಲಿ ಯಾರಿಗೆ ಅಡ್ಡಹೆಸರು ಬೇಕಾದರೂ ಅವಳ ಹತ್ತಿರ ಬರಬೇಕು. ನನ್ನ ಹಾಸ್ಟೆಲ್ಲಿನ ಹೆಸರು ಕೇಳಿ ಅತ್ತ ನನಗೆ "ಹೆಚ್ಚಮ್ಮ ಅಂದ್ರ ಛಲೋನ ಆತಲ್ಲ, ಸೊರಗಮ್ಮ ಅಂದಿದ್ರ ಏನ ಮಾಡತಿದ್ದಿ?" ಅಂದವಳು ಅವಳು.

ಕೇಂದ್ರದ ಗೋಡೆಯ ಮೇಲೆ ಏಳು ಜಿಲ್ಲೆಗಳ ದೊಡ್ಡ ನಕ್ಷೆ ಇತ್ತು. ಅಯೋಡಿನ್ ಸಾಲದ ಮನೆ ಹಳದಿ, ಸರಿಯಿರುವ ಮನೆ ಹಸಿರು, ಮಿತಿಮೀರಿದ ಮನೆ ನೀಲಿ. ಕಿವಿಗಳು ಬಂದ ಎರಡನೆಯ ವರ್ಷ ಇಳಕಲ್ಲು, ಹುನಗುಂದ, ಗುಳೇದಗುಡ್ಡದ ಕಡೆ ನೀಲಿ ಹಬ್ಬತೊಡಗಿತು. ನಮ್ಮ ಮುಖ್ಯಸ್ಥರು ಐವನ್ ಲೋಬೊ, ಉಳ್ಳಾಲದವರು, ಮೀನಿಲ್ಲದೆ ಊಟ ಗಂಟಲಿಗೆ ಇಳಿಯದ ಮನುಷ್ಯ. ನಕ್ಷೆಯ ಮುಂದೆ ನಿಂತು ತಲೆ ಕೆರೆದುಕೊಂಡರು.

"ಎಂತ ಮಾರಾಯ್ತಿ ಇದು? ಸಮುದ್ರ ಇಲ್ಲ, ಮೀನಿಲ್ಲ, ಪಾಚಿ ಇಲ್ಲ. ನಿಮ್ಮವರಿಗೆ ಅಯೋಡಿನ್ ಎಲ್ಲಿಂದ ಬರ್ತದೆ? ಜೋಳದ ರೊಟ್ಟಿಯಲ್ಲಿ ಉಂಟಾ?"

"ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಎಲ್ಲಾ ಉಪ್ಪೇ ಸರ್. ನಮ್ಮ ಕಡೆ ಉಪ್ಪು ಸ್ವಲ್ಪ ಜಾಸ್ತಿನೇ ತಿಂತಾರೆ" ಅಂದೆ.

ಆ ಕಡೆಯವಳೇ ಹೇಳಿದ ಮೇಲೆ ಮುಗಿಯಿತು. ಅವರು ನಂಬಿದರು. ಯಂತ್ರ ತನ್ನ ಕೆಲಸ ಮಾಡಿತು. ನೀಲಿ ಮನೆಗಳ ಡಬ್ಬಿಯಲ್ಲಿ ಅಯೋಡಿನ್ ಕಡಿಮೆಯಾಯಿತು, ಡಬ್ಬಿಯೂ ಸಣ್ಣದಾಯಿತು. ಸಣ್ಣ ಡಬ್ಬಿ ಬೇಗ ಖಾಲಿಯಾಗುತ್ತದೆ. ಖಾಲಿಯಾದಾಗ ಹೆಂಗಸರು ಇನ್ನೂ ಬೇಗ, ಇನ್ನೂ ಪದೇಪದೇ ಉಪ್ಪು ಹೆಚ್ಚೈತಿ ಅಂದರು. ಕಿವಿ ಕೇಳಿಸಿಕೊಂಡು ಇನ್ನಷ್ಟು ಇಳಿಸಿತು. ಸಂತೆಯಲ್ಲಿ ಸಿಗುವ ಹರಳುಪ್ಪು ತಂದು ಜನ ಅಡುಗೆ ಸಾಗಿಸಿದರು. ಅದರಲ್ಲಿ ಅಯೋಡಿನ್ ಹೆಸರಿಗೂ ಇರಲಿಲ್ಲ.

ಆ ಬೇಸಿಗೆ ಅಕ್ಕನ ಫೋನ್ ಬಂದಾಗ ಯಾರೋ ಗಂಡಸು ಮಾತಾಡುತ್ತಿದ್ದಾನೆ ಅಂದುಕೊಂಡೆ.

"ನಾ ಬನವ್ವ ಅದೀನಿ. ಥಂಡಿ ಹತ್ತೇತಿ, ಅದಕ್ಕ ದನಿ ಕುಂತೈತಿ" ಅಂದಳು. ಏಪ್ರಿಲ್ ತಿಂಗಳ ಇಳಕಲ್ಲಿನಲ್ಲಿ ಥಂಡಿ! ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಬಹಳ ಹೊತ್ತು ಸುಮ್ಮನಿರುತ್ತಿದ್ದಳು. ಬರುತ್ತೇನೆ ಅಂದೆ. ನಾಳೆ, ಮುಂದಿನ ವಾರ ಅನ್ನುತ್ತಾ ಹೋದದ್ದು ಜನವರಿಯಲ್ಲಿ. ಇದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ಓಣಿಗೆ ಕಾಲಿಟ್ಟಾಗಲೇ ಏನೋ ತಪ್ಪಿದೆ ಅನ್ನಿಸಿತು. ಮಗ್ಗದ ಸದ್ದು ಕೇಳುತ್ತಾ ಬೆಳೆದವಳು ನಾನು, ಆ ಸದ್ದಿನಲ್ಲೇ ಮಗ್ಗಿ ಬಾಯಿಪಾಠ ಮಾಡಿದವಳು. ಈಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಐದು ಎಣಿಸಬಹುದಾಗಿತ್ತು. ಕಟ್ಟೆಯ ಮೇಲೆ ಕೂತ ಹೆಂಗಸರು ಕಂಬಳಿ ಹೊದ್ದಿದ್ದರು. ಒಬ್ಬಿಬ್ಬರ ಗಂಟಲು ಉಬ್ಬಿತ್ತು. ನನ್ನನ್ನು ನೋಡಿ ಗುರುತು ಹಿಡಿದು ನಗುವಷ್ಟರಲ್ಲಿ ನಾನು ಅವರನ್ನು ದಾಟಿಯೇ ಹೋಗಿದ್ದೆ.

ಅಕ್ಕ ಮಗ್ಗದ ಕುಣಿಯಲ್ಲಿ ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಹುಬ್ಬಿನ ಕೂದಲು ಅರ್ಧ ಉದುರಿದ್ದವು.

"ಯಾವಾಗ ಬಂದಿ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಯಾವಾಗ ಬಂದಿ ತುಳಸಾ?" ಅಂದಳು.

ಅವಳ ಪಕ್ಕದಲ್ಲಿ ಕೂತು ಕೊಂಡಿ ಹಾಕುತ್ತಿದ್ದವಳು ನೆರೆಮನೆಯ ಮಾಲನಬಿ. ಸೀರೆಯ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಸೇರಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಸಾವಿರಾರು ಎಳೆಗಳು, ಒಂದು ತಪ್ಪಿದರೂ ಸೀರೆ ಕೆಟ್ಟಿತು. ಹಿಂದೆಲ್ಲ ಅಕ್ಕ ಕಣ್ಣು ಮುಚ್ಚಿಕೊಂಡೇ ಹಾಕುತ್ತಿದ್ದಳು.

"ಈಗ ಆಕಿಗಿ ಎಣಿಕಿ ನಿಂದ್ರೂದಿಲ್ಲವಾ" ಅಂದಳು ಮಾಲನಬಿ, ದನಿ ತಗ್ಗಿಸಿ. "ಹತ್ತು ಎಳಿ ಹಾಕತಾಳ, ಮತ್ತ ಮೊದಲಿಂದ ಎಣಸ್ತಾಳ. ಮೂರು ದಿನದ ಸೀರಿ ಹದಿನೈದು ದಿನ ಹಿಡಿತೈತಿ. ನಾ ಹಾಕಿ ಕೊಡತೀನಿ, ಯಾರಿಗೂ ಹೇಳಬ್ಯಾಡ."

ಮಾಲನಬಿಗೆ ಅಕ್ಕನಿಗಿಂತ ಎರಡು ವರ್ಷ ಹೆಚ್ಚೇ ವಯಸ್ಸು. ಅದೇ ಓಣಿ, ಅದೇ ನಲ್ಲಿಯ ನೀರು, ಅದೇ ಸಂತೆ. ಅವಳ ಮೈಯಲ್ಲಿ ಒಂದು ತೆಳು ಸೀರೆ ಬಿಟ್ಟರೆ ಏನೂ ಇರಲಿಲ್ಲ, ಕೈ ಪಟಪಟನೆ ಓಡುತ್ತಿತ್ತು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಆಸ್ಪತ್ರೆಗೆ ಹೋಗಿದ್ದೆಯಾ ಅಂದರೆ ಅಕ್ಕ ಚೀಟಿ ತೋರಿಸಿದಳು. ರಕ್ತ ಪರೀಕ್ಷೆ ಮಾಡಿದ್ದರು. ಗ್ರಂಥಿ ತೀರಾ ನಿಧಾನವಾಗಿದೆ ಎಂದು ಬರೆದಿತ್ತು. ಕೆಳಗೆ ಡಾಕ್ಟರ್ ಬರೆದಿದ್ದರು: 'ಮನೆಯ ದಾಖಲೆಯ ಪ್ರಕಾರ ಅಯೋಡಿನ್ ಅಧಿಕ. ಅದರಿಂದಲೇ ಈ ತೊಂದರೆ. ಅಯೋಡಿನ್ ಇನ್ನೂ ಇಳಿಸಿ ಮೂರು ತಿಂಗಳು ಕಾಯುವುದು.' ಡಾಕ್ಟರನ್ನು ದೂರುವಂತಿಲ್ಲ. ದಾಖಲೆ ನಿಜವಾಗಿದ್ದರೆ ಅವರು ಮಾಡಿದ್ದೇ ಸರಿ, ಪುಸ್ತಕವೂ ಅದನ್ನೇ ಹೇಳುತ್ತದೆ. ಅಂಥ ಮೂರು ತಿಂಗಳು ಮೂರು ಸಲ ಕಳೆದಿದ್ದವು.

ಊಟಕ್ಕೆ ಸಜ್ಜೆ ರೊಟ್ಟಿ, ಕ್ಯಾಬೇಜ್ ಪಲ್ಯ. ಚಳಿಗಾಲದಲ್ಲಿ ನಮ್ಮಲ್ಲಿ ಸಜ್ಜೆಯೇ. ಮೈಗೆ ಕಾವು ಅನ್ನುತ್ತಾರೆ. ಅಯೋಡಿನ್ ಸಾಕಷ್ಟಿದ್ದರೆ ಸಜ್ಜೆ ಏನೂ ಮಾಡುವುದಿಲ್ಲ. ಇಲ್ಲದಿದ್ದರೆ ಇರುವಷ್ಟನ್ನೂ ಗ್ರಂಥಿ ಬಳಸಿಕೊಳ್ಳದಂತೆ ಅಡ್ಡ ಬರುತ್ತದೆ. ಅಕ್ಕ ಚಳಿಯಾಯಿತೆಂದು ಮೂರು ಹೊತ್ತೂ ಅದನ್ನೇ ತಿನ್ನುತ್ತಿದ್ದಳು. ಸ್ವಲ್ಪವಾದರೂ ಅಯೋಡಿನ್ ಇರುವ ಹಾಲನ್ನು ಬಿಟ್ಟಿದ್ದಳು. ಮೊಟ್ಟೆ ಕಂಡರೆ ಮೊದಲಿನಿಂದಲೂ ಮುಖ ತಿರುಗಿಸುತ್ತಿದ್ದಳು.

ಅದು ಸೋಮವಾರ. ಸರಿಯಾಗಿ ಹನ್ನೆರಡಕ್ಕೆ ಗೋಡೆಯ ಮೇಲಿನ ಕಿವಿಯ ಹಸಿರು ದೀಪ ಮಿನುಗಿತು.

"ನಮಸ್ಕಾರ ಬನವ್ವ ಅವರೇ. ಮನೆಯಲ್ಲಿ ಉಪ್ಪು ಹೇಗಿದೆ?"

ಅಕ್ಕ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಖಾಲಿ ಡಬ್ಬಿಯನ್ನು ಕಿವಿಯ ಮುಂದೆ ಅಲ್ಲಾಡಿಸಿದಳು. "ಹೆಚ್ಚೈತಿ ನಮ್ಮವ್ವಾ."

"ಕ್ಷಮಿಸಿ, ದನಿ ಸ್ಪಷ್ಟವಾಗಿಲ್ಲ. ಇನ್ನೊಮ್ಮೆ ಹೇಳಿ."

"ಉಪ್ಪು ಹೆಚ್ಚೈತಿ. ಇಡೀ ತಿಂಗಳಾತು, ಹೆಚ್ಚೈತಿ ಹೆಚ್ಚೈತಿ ಅಂತ ಬಡಕೊಂಡರೂ ನಿನ್ನ ಕಿವಿಗಿ ಬೀಳವಲ್ದು."

"ತಿಳಿಯಿತು. ಧನ್ಯವಾದ."

ಬಾಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಮೈಸೂರಿನ ಹಾಸ್ಟೆಲ್ಲು, ಸಪ್ಪೆ ಚಹಾ, ಖಾಲಿ ಬಿಟ್ಟ ಕಾಲಂ, ಎಲ್ಲಾ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಮಾಲನಬಿ, ನಿಮ್ಮನೀಗೂ ಕಿವಿ ಐತೆಲ್ಲ? ಉಪ್ಪು ಮುಗದಾಗ ನೀವು ಏನಂತೀರಿ?"

"ನಾವೇನವಾ, ಖಲಾಸ್ ಅಂತೀವಿ" ಅಂದಳು ಅವಳು. "ಖಲಾಸ್ ಅಂದ್ರ ಮರುದಿನ ಡಬ್ಬಿ ಬರತೈತಿ. ನಿಮ್ಮಕ್ಕಗ ಯಾಕ ಬರೂದಿಲ್ಲೋ ಏನೋ."

ಹುಬ್ಬಳ್ಳಿಗೆ ಮರಳಿದವಳು ಮೊದಲು ಮಾಡಿದ ಕೆಲಸವೆಂದರೆ ಉಪ್ಪಿನ ಪಕ್ಕದಲ್ಲಿ ಹೆಚ್ಚು ಎಂಬ ಶಬ್ದ ಬಂದ ಮನೆಗಳನ್ನು ಹುಡುಕಿದ್ದು. ಎರಡು ಲಕ್ಷ ಹದಿನಾಲ್ಕು ಸಾವಿರ. ನಕ್ಷೆಯ ನೀಲಿಯ ಮೇಲೆ ಅದನ್ನು ಇಟ್ಟಾಗ ಒಂದು ಚುಕ್ಕಿಯೂ ಹೊರಗೆ ಉಳಿಯಲಿಲ್ಲ. ಲೋಬೊ ಸರ್ ನಕ್ಷೆಯ ಹತ್ತಿರ ಹೋಗಿ ನೋಡಿದರು. ಆಮೇಲೆ ಶಬ್ದಪಟ್ಟಿ ತೆಗೆಸಿದರು. ಕೆಳಗೆ ನನ್ನ ಸಹಿ.

"ಗೊತ್ತಿರಲಿಲ್ಲ ಅಂತ ಬರಿ ಮಾರಾಯ್ತಿ. ಹನ್ನೊಂದು ಸಾವಿರ ಶಬ್ದದಲ್ಲಿ ಒಂದು ತಪ್ಪಿತು. ಯಾರಿಗೂ ಆಗ್ತದೆ."

"ಗೊತ್ತಿತ್ತು ಸರ್."

"ಗೊತ್ತಿದ್ದೂ?"

"ನಾಚಿಕೆಯಾಯ್ತು."

ಅವರು ಕನ್ನಡಕ ತೆಗೆದು ಒರೆಸಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. "ನಿನ್ನ ಅಕ್ಕನಿಗೆ ಒಂದು ಹಿಡಿ ಒಣ ಸೀಗಡಿ ಕೊಡ್ತೇನೆ, ತಗೊಂಡು ಹೋಗು" ಅಂದರು. ಅಕ್ಕ ಮುಟ್ಟುವುದಿಲ್ಲ ಅಂದೆ. "ಹಾಗಾದ್ರೆ ಥೈರಾಯ್ಡ್ ಗುಳಿಗೆಯೇ ಗತಿ. ಈ ಹಂತದಲ್ಲಿ ಬರೀ ಉಪ್ಪು ಸಾಲದು. ಈ ಚಳಿಯಲ್ಲಿ ಒಂದು ದಿನ ಮಲಗಿದವಳು ಏಳದೆ ಹೋಗಬಹುದು, ಹೇಳಿಬಿಡ್ತೇನೆ."

ಗುಳಿಗೆ ಅಂಗಡಿಯಲ್ಲಿ ಹಾಗೇ ಸಿಗುವ ಕಾಲ ಹೋಗಿತ್ತು. ಡಾಕ್ಟರ್ ಬರೆಯಬೇಕು. ಡಾಕ್ಟರ್ ಬರೆದದ್ದನ್ನು ಮನೆಯ ದಾಖಲೆ ಒಪ್ಪಬೇಕು. ಅಧಿಕ ಎಂದು ದಾಖಲೆ ಇರುವವರೆಗೆ ಗುಳಿಗೆ ಮಂಜೂರಾಗುವುದಿಲ್ಲ. ಅಕ್ಕನ ಜೀವ ಈಗ ನಾನು ಬರೆದ ಒಂದು ಶಬ್ದಕ್ಕೆ ಜೋತುಬಿದ್ದಿತ್ತು.

ತಜ್ಞರ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನನ್ನನ್ನು ಕೆಲಸದಿಂದ ದೂರವಿಟ್ಟರು, ಅದು ನ್ಯಾಯವೇ. ಶಬ್ದ ತಿದ್ದಲು ಒಪ್ಪಿದರು. ಹೆಚ್ಚು ಎಂದರೆ ಮುಗಿದಿದೆ, ಇನ್ನಿಲ್ಲ ಎಂಬ ಅರ್ಥವನ್ನು ಅಂದೇ ಸೇರಿಸಿದರು. ಆದರೆ ಹಳೆಯ ದಾಖಲೆ ಅದರಷ್ಟಕ್ಕೇ ಬದಲಾಗುವುದಿಲ್ಲ ಅಂದರು. ನಿಜವಾಗಿಯೂ ಅಯೋಡಿನ್ ಮಿತಿಮೀರಿದ ಮನೆಗಳೂ ಅದರಲ್ಲಿ ಇರಬಹುದಲ್ಲ, ಅವರ ಡಬ್ಬಿಗೆ ಮತ್ತೆ ಸುರಿದರೆ ಹೃದಯಕ್ಕೆ ತೊಂದರೆಯಾದೀತು. ಮೂತ್ರ ಪರೀಕ್ಷೆಯ ಸಾಮಾನು ಬರುವುದು ಯುಗಾದಿಯ ನಂತರ. ಅಲ್ಲಿಯವರೆಗೆ ಒಂದು ಉಪಾಯ: ಮನೆಯೊಡತಿ ತನ್ನ ಸ್ವಂತ ದನಿಯಲ್ಲಿ, ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ, ಕಿವಿಯ ಮುಂದೆ ಒಂದು ವಾಕ್ಯ ಹೇಳಬೇಕು. ನಮ್ಮ ಮನೆಯಲ್ಲಿ ಉಪ್ಪು ಇಲ್ಲ.

"ಅವರು ಹಾಗೆ ಅನ್ನೋದಿಲ್ಲ ಸರ್" ಅಂದೆ.

"ನಾಲ್ಕು ಶಬ್ದ ಹೇಳೋದಕ್ಕೆ ಏನಮ್ಮಾ ಕಷ್ಟ?" ಅಂದರು ಅಧ್ಯಕ್ಷರು. ನನ್ನ ಹಾಸ್ಟೆಲ್ಲಿನ ಗೆಳತಿಯರ ಹಾಗೆಯೇ ಅವರೂ ಒಳ್ಳೆಯವರು.

ಮೂರು ವಾರಗಳಲ್ಲಿ ಆ ವಾಕ್ಯ ಹೇಳಿದ ಮನೆಗಳು ನೂರಕ್ಕೆ ಒಂಬತ್ತು.

ಫೆಬ್ರವರಿಯ ಒಂದು ಸೋಮವಾರ ಮತ್ತೆ ಇಳಕಲ್ಲಿಗೆ ಹೋದೆ. ಚೀಲದಲ್ಲಿ ಲೋಬೊ ಸರ್ ಎಲ್ಲಿಂದಲೋ ಹುಡುಕಿ ಕೊಟ್ಟ ಎರಡು ಪೊಟ್ಟಣ ಹಳೆಯ ಅಯೋಡಿನ್ ಉಪ್ಪಿತ್ತು. ಅಕ್ಕ ಈಗ ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಒಲೆಯ ಪಕ್ಕದಲ್ಲಿ ಎರಡು ಕಂಬಳಿಯೊಳಗೆ ಕೂತಿದ್ದಳು. ಪೊಟ್ಟಣ ಅವಳ ಕೈಗಿಡಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು.

"ಉಪ್ಪು ಕೈಯಾಗ ಕೊಡಬ್ಯಾಡ... ಜಗಳಾ ಆಕ್ಕಾವ. ಕೆಳಗ ಇಡು."

ಕೆಳಗೆ ಇಟ್ಟೆ. ಅಷ್ಟು ಮರೆತವಳು ಇದನ್ನು ಮರೆತಿರಲಿಲ್ಲ. ಮಾಲನಬಿ ನೀರು ತಂದುಕೊಟ್ಟು ಬಾಗಿಲ ಬಳಿ ಕೂತಳು. ನಾನು ವಿಷಯ ಹೇಳಿದೆ. ಆ ಒಂದು ವಾಕ್ಯ ಹೇಳು, ಗುಳಿಗೆ ಬರುತ್ತದೆ, ತಿಂಗಳೊಳಗೆ ಮಗ್ಗಕ್ಕೆ ಇಳಿಯುತ್ತೀ ಅಂದೆ. ಅಕ್ಕ ತಲೆಯಾಡಿಸಿದಳು.

"ಒಲ್ಲೆ. ಅವ್ವ ಒಮ್ಮೆ ಸಿಟ್ಟಿನಾಗ ಅಪ್ಪನ ಮುಂದ ಅಕ್ಕಿ ಇ..." ಅಂದು ಆ ಶಬ್ದ ನುಂಗಿದಳು. "ಅಂದಿದ್ಲು. ಅದ ತಿಂಗಳ ಅಪ್ಪ ಹೋದ. ನೀ ಸಣ್ಣಾಕಿ, ನಿನಗ ನೆನಪಿಲ್ಲ."

ಆಗ ಉಳಿದದ್ದನ್ನೂ ಹೇಳಬೇಕಾಯಿತು. ಕಿವಿಗೆ ಆ ಅರ್ಥ ಕಲಿಸಿದವಳು ನಾನೇ, ಗೊತ್ತಿದ್ದೂ ಕಲಿಸಿದೆ, ನಮ್ಮ ಮಾತಿಗೆ ನಾನು ನಾಚಿಕೊಂಡೆ, ನಿನಗೆ ಹೀಗಾಗಿದ್ದು ನನ್ನಿಂದ. ಹೇಳುತ್ತಾ ಅಳು ಬಂತು. ಅಕ್ಕ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅವಳ ಮುಖದಲ್ಲಿ ಈಗ ಯಾವುದೂ ಬೇಗ ಕಾಣುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳ ತುಟಿ ಒಂದು ಕಡೆ ಸ್ವಲ್ಪ ಏರಿತು.

"ಹೆಚ್ಚಮ್ಮ" ಅಂದಳು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, "ಅಳಬ್ಯಾಡ. ನಿನ್ನ ಸಂಬಂಧ ಹೇಳತೀನಿ."

ಅವಳನ್ನು ಎಬ್ಬಿಸಿ ಕಿವಿಯ ಮುಂದೆ ಕೂರಿಸಿದೆವು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ದೇವರ ಪಟದ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಹನ್ನೆರಡಕ್ಕೆ ಹಸಿರು ದೀಪ ಮಿನುಗಿತು.

"ನಮ್ಮ ಮನ್ಯಾಗ..." ಅಂದಳು. ನನ್ನ ಕೈ ಹಿಡಿದುಕೊಂಡಳು, ಅವಳ ಕೈ ತಣ್ಣಗಿತ್ತು. "ನಮ್ಮ ಮನ್ಯಾಗ ಉಪ್ಪು ಇಲ್ಲ."

ನಲವತ್ತಾರು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಆಡಿ ಮುಗಿಸಿ ಏದುಸಿರು ಬಿಟ್ಟಳು.

"ಕ್ಷಮಿಸಿ, ಈ ದನಿ ಬನವ್ವ ಅವರದಲ್ಲ. ದಯವಿಟ್ಟು ಬನವ್ವ ಅವರನ್ನು ಕರೆಯಿರಿ" ಅಂದಿತು ಕಿವಿ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೂರು ವರ್ಷದ ಹಿಂದೆ ಅದು ಗುರುತು ಹಿಡಿದಿಟ್ಟುಕೊಂಡದ್ದು ಓಣಿಯ ಆ ತುದಿಗೂ ಕೇಳಿಸುವ ಬನವ್ವನ ದನಿ. ಈ ಗೊಗ್ಗರು ದನಿ ಅಯೋಡಿನ್ ಇಲ್ಲದೆ ಊದಿದ ಗಂಟಲಿನದು.

"ಇನ್ನೊಮ್ಮೆ ಹೇಳಕ್ಕಾ, ಸ್ವಲ್ಪ ಜೋರಾಗಿ."

"ಉಪ್ಪು ಇಲ್ಲ."

"ಈ ದನಿ ಬನವ್ವ ಅವರದಲ್ಲ."

"ಇಲ್ಲ ಅಂತ ಹೇಳತೀನಲ್ಲವಾ, ಇಲ್ಲ, ಇಲ್ಲ!" ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಒಂದು ಸಲಕ್ಕೇ ಮನೆ ಬರಿದಾಗುತ್ತದೆ ಎಂದು ನಂಬಿದವಳು ಎಷ್ಟು ಸಲ ಅಂದಳೋ. ನಾನು ಮಾತಾಡಿದೆ, ನೀವು ಈ ಮನೆಯವರಲ್ಲ ಅಂದಿತು. ಮಾಲನಬಿ ಬಂದು, "ಏ ಕಿವುಡಾ, ಆಕಿನ ಬನವ್ವ ಅದಾಳೋ!" ಎಂದು ಬೈದಳು. ಅವಳಿಗೂ ಅದೇ ಉತ್ತರ.

ಕೊನೆಗೆ ಕಿವಿ ಕೇಳಿತು: "ಬನವ್ವ ಅವರು ಮನೆಯಲ್ಲಿ ಇದ್ದಾರೆಯೇ?" ಈ ಪ್ರಶ್ನೆಗೆ ಯಾರ ದನಿಯಾದರೂ ನಡೆಯುತ್ತದೆ. ಸತ್ತವರ ಸುದ್ದಿ ಅವರೇ ಹೇಳಲಾಗುವುದಿಲ್ಲ ಎಂದು ನಾವೇ ಮಾಡಿದ ಏರ್ಪಾಡು. ಅದು ನನಗೆ ನೆನಪಾಗುವ ಮೊದಲೇ ಅಕ್ಕ ಬಾಯಿ ತೆರೆದಿದ್ದಳು. ಅವಳ ತುಟಿ ಮತ್ತೆ ಒಂದು ಕಡೆ ಏರಿತ್ತು. ಎಷ್ಟೋ ತಿಂಗಳುಗಳ ಮೇಲೆ ಅವಳಿಗೆ ಒಂದು ತಮಾಷೆ ಹೊಳೆದಿತ್ತು.

"ಬನವ್ವ ಹೆಚ್ಚ್ಯಾಳ" ಅಂದಳು.

ಮಾಲನಬಿ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ಆ ಒಂದು ಕ್ಷಣ ನನ್ನ ಹಳೆಯ ಅಕ್ಕ ನನ್ನ ಮುಂದೆ ಕೂತಿದ್ದಳು.

"ತಿಳಿಯಿತು" ಅಂದಿತು ಕಿವಿ. ನಾನು ತಿದ್ದಿಸಿದ ಅರ್ಥ ಸರಿಯಾಗಿ ಕೆಲಸ ಮಾಡಿದ್ದನ್ನು ನನ್ನ ಕಣ್ಣಾರೆ ಕಂಡದ್ದು ಅದೇ ಮೊದಲ ಸಲ. "ಬನವ್ವ ಅವರು ಇನ್ನಿಲ್ಲ ಎಂದು ದಾಖಲಿಸಲಾಗಿದೆ. ಅವರ ಹೆಸರಿನ ಉಪ್ಪು ಮತ್ತು ಔಷಧ ನಿಲ್ಲಿಸಲಾಗಿದೆ. ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ನಮಸ್ಕಾರ."

ಹಸಿರು ದೀಪ ಹೋಯಿತು. ನಾನು ಗೋಡೆಯಿಂದ ಅದನ್ನು ಕಿತ್ತು ಅಲ್ಲಾಡಿಸಿದೆ, ಕೂಗಿದೆ, ನೆಲಕ್ಕೆ ಬಡಿದೆ. ಮಾಲನಬಿ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಅಕ್ಕನ ಮುಖದಲ್ಲಿ ತಮಾಷೆ ಇನ್ನೂ ಉಳಿದಿತ್ತು. ಅದು ಹೋಗಲೂ ಈಗ ಹೊತ್ತು ಹಿಡಿಯುತ್ತಿತ್ತು.

"ಏನಂತ ಅದು?" ಅಂದಳು.

ಏನೂ ಇಲ್ಲ ಅನ್ನಲು ಬಾಯಿ ತೆರೆದೆ. ಆ ಶಬ್ದ ಬಾಯಿಂದ ಹೊರಡಲಿಲ್ಲ. ಅವಳ ಕಂಬಳಿ ಸರಿಮಾಡಿ ಪಕ್ಕದಲ್ಲಿ ಕೂತು, ಅವಳಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ.

"ದೀಪ ದೊಡ್ಡದಾತಕ್ಕಾ."